ಅಪ್‌ಡೇಟ್: ಅಮೆರಿಕದ ರೆಸಿಡೆನ್ಸಿ ಇಂಟರ್‌ವ್ಯೂ ಮುಗೀತು

ರೆಸಿಡೆನ್ಸಿಗೆ (ಡಾಕ್ಟರ್ ಓದು ಮುಗಿದ ಮೇಲೆ ಆಸ್ಪತ್ರೆಯಲ್ಲಿ ಪಡೆಯೋ ತಜ್ಞ ತರಬೇತಿ) ಇಂಟರ್ನಲ್ ಮೆಡಿಸಿನ್ (ವಯಸ್ಕರ ಕಾಯಿಲೆಗಳ ವಿಭಾಗ) ಇಂಟರ್‌ವ್ಯೂ ಇದೆ, "ನಿಮ್ಮ ಬಗ್ಗೆ ಹೇಳಿ" ಅಂದ್ರೆ ಬಾಯಿ ಒಣಗುತ್ತೆ, ಹೇಗೆ ತಯಾರಾಗಲಿ ಅಂತ ಹತ್ತು ದಿನದ ಹಿಂದೆ ಇಲ್ಲಿ ಕೇಳಿದ್ದೆ. ನಿನ್ನೆ ಜೂಮ್‌ನಲ್ಲಿ ಆಯ್ತು, ಚೆನ್ನಾಗೇ ಆಯ್ತು!

ಉತ್ತರ ಬರೆದು ಬಾಯಿಪಾಠ ಮಾಡೋದು ನನಗೆ ಒಗ್ಗಲಿಲ್ಲ; ಒಂದು ಪದ ಮರೆತರೆ ಇಡೀ ಉತ್ತರ ಕೈಕೊಡ್ತಿತ್ತು. ಕೈಹಿಡಿದದ್ದು ಇಲ್ಲಿ ಅಕ್ಕ ಒಬ್ಬರು ಹೇಳಿದ ಉಪಾಯ: ನಾನೇ ನೋಡಿದ ಐದು ಕೇಸ್ ಆರಿಸಿ, ಒಂದೊಂದನ್ನೂ ಎರಡು ನಿಮಿಷದಲ್ಲಿ ಹೇಳಿ, ಫೋನಲ್ಲಿ ರೆಕಾರ್ಡ್ ಮಾಡಿ ಕೇಳೋದು. ಇಂಟರ್ನ್‌ಶಿಪ್‌ನಲ್ಲಿ ನೋಡಿದ ಹಾವು ಕಡಿದ ಅಜ್ಜನ ಕೇಸ್ ಮೂರು ಪ್ರಶ್ನೆಗೆ ಉತ್ತರವಾಯ್ತು. ಅಕ್ಕಾ, ತುಂಬಾ ಥ್ಯಾಂಕ್ಸ್.

ಗೊತ್ತೇ ಇಲ್ಲದ ವಿಷಯ ಒಂದಿತ್ತು. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ನ್ಯೂಯಾರ್ಕಿನ ಬೆಳಗ್ಗೆ 9 ಗಂಟೆ ನಮಗೆ ಸಂಜೆ 6:30 ಇದ್ದದ್ದು 7:30 ಆಗುತ್ತೆ. ಇಂಟರ್‌ವ್ಯೂ ಸಮಯ ದಯವಿಟ್ಟು ನೋಡ್ಕೊಳ್ಳಿ.

ಫಲಿತಾಂಶ ಮಾರ್ಚ್‌ನ ಮ್ಯಾಚ್ ವಾರದಲ್ಲಿ, ಅಂದ್ರೆ ಯಾರಿಗೆ ಯಾವ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಸಿಕ್ತು ಅಂತ ತಿಳಿಸೋ ವಾರದಲ್ಲಿ. ಆಗ ಮತ್ತೆ ಬರೀತೀನಿ.