ಸಹಾಯ ಬೇಕು: ಡೊಂಬಿವಲಿ ಹತ್ತಿರ ಜೋಳದ ರೊಟ್ಟಿ, ಕನ್ನಡ ಪುಸ್ತಕ ತಗೊಳ್ಳುವವರು

ಎಲ್ಲರಿಗೂ ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು 9 ವರ್ಷ ಆಯ್ತು. ನನಗೆ ಗೊತ್ತಿರೋದು ಸ್ಟೇಷನ್ನು, ಭಾಜಿ ಮಾರ್ಕೆಟ್ಟು, ಮನೆ, ಇಷ್ಟೇ. ಈಗ ಗದಗಿನಿಂದ ನಮ್ಮತ್ತೆ ಬಂದಿದಾರೆ, ಇನ್ನು ಇಲ್ಲೇ ಇರ್ತಾರೆ. "ಇಲ್ಲಿ ನಮ್ಮ ಮಂದಿ ಎಲ್ಲಿ ಸೇರ್ತಾರವಾ?" ಅಂತ ಕೇಳಿದ್ರು, ನನ್ನ ಹತ್ರ ಉತ್ತರ ಇರಲಿಲ್ಲ.

ಮೆಗಾಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸೋದು) ಇಲ್ಲದ ಒಂದು ಭಾನುವಾರ ನೋಡಿ ಮುಂಬೈನ ಮಾಟುಂಗಾಕ್ಕೆ ಕರಕೊಂಡು ಹೋದೆ. ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದ್ದು, ಬಾಳೆಲೆ ಊಟ. ಅತ್ತೆ ಹೊಟ್ಟೆ ತುಂಬ ಉಂಡರು. ಮೆಟ್ಟಿಲು ಇಳಿಯುವಾಗ "ಭಾಳ ಚಲೋ ಐತಿ, ಆದ್ರ ರೊಟ್ಟಿ ಇಲ್ಲಲ್ಲ" ಅಂದ್ರು! ಆ ಮೊಣಕಾಲಿಗೆ ಲೋಕಲ್ ಗರ್ದಿ ವಾರವಾರ ಆಗದು. ಮಾಟುಂಗಾದ ಮೈಸೂರು ಅಸೋಸಿಯೇಷನ್ನು, ಮಾಹಿಮ್‌ನ ಕರ್ನಾಟಕ ಸಂಘದ ಸಂಜೆ ಕಾರ್ಯಕ್ರಮಗಳದ್ದೂ ಅದೇ ಕತೆ.

ಹಾಗಾಗಿ ಕಲ್ಯಾಣ–ಠಾಣೆ ನಡುವೆ ಕಟಿ ರೊಟ್ಟಿ, ಗುರೆಳ್ಳು ಚಟ್ನಿ ಮನೆಯಲ್ಲಿ ಮಾಡಿ ಕೊಡೋರು ಯಾರಾದ್ರೂ ಇದಾರಾ? ಬ್ಯಾಡಗಿ ಮೆಣಸಿನಕಾಯಿ ನಂಬಿ ತಗೊಳ್ಳೋ ಅಂಗಡಿ? ಭಜನೆಯೋ ಹರಟೆಯೋ, ಹಗಲು ಹೊತ್ತು ಹೆಂಗಸರು ಸೇರುವ ಜಾಗ?

ಇನ್ನೊಂದು. ಮಾವನವರ ಎರಡು ಟ್ರಂಕ್ ಕನ್ನಡ ಪುಸ್ತಕ, ಒಳ್ಳೆ ಸ್ಥಿತಿಯ ಸೀರೆಗಳು ಕೊಡೋದಿದೆ. ಹಿಂದೊಮ್ಮೆ ಗೇಟಿಗೆ ಬಂದವರಿಗೆ ಬಟ್ಟೆ ಕೊಟ್ಟೆ, ವಾರದೊಳಗೆ ಅದೇ ಗಂಟು ಭಂಗಾರ್ (ಗುಜರಿ) ಅಂಗಡಿಯಲ್ಲಿ ಕಂಡಿತು. ನೀವೇ ಹೋಗಿ ನೋಡಿದ ಸಂಸ್ಥೆ ಇದ್ದರೆ ಮಾತ್ರ ಹೇಳಿ. ಟ್ರಂಕ್ ಸಮೇತ ರಿಕ್ಷಾದಲ್ಲಿ ನಾನೇ ತಂದು ಕೊಡ್ತೀನಿ.