ಕ್ರಾಸ್‌ಬೋ ಹಿಡಿದು ಜಿಂಕೆ ಹೊಡೆದರೆ ಅದನ್ನು ಬೇಟೆ ಅನ್ನಬಹುದಾ?

ಜಗಳೂರು_ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕ-ಭಾವ ಅಮೆರಿಕದ ಒಹಾಯೊದಲ್ಲಿದ್ದಾರೆ. ಭಾವ ಹೋದ ವಾರ ಒಂದು ಫೋಟೊ ಕಳಿಸಿದರು. ಕೈಯಲ್ಲಿ ಕ್ರಾಸ್‌ಬೋ, ಕಾಲ ಹತ್ತಿರ ಕೊಂಬಿನ ಜಿಂಕೆ. ಲೈಸೆನ್ಸ್ ಇದೆ, ಸೀಸನ್ ಒಳಗೇ ಹೊಡೆದದ್ದು, ಅದರಲ್ಲಿ ತಪ್ಪಿಲ್ಲ. ಕ್ರಾಸ್‌ಬೋ ನೋಡದೇ ಇದ್ದವರಿಗೆ ಹೇಳುತ್ತೇನೆ, ಬಂದೂಕಿನ ಹಿಡಿಕೆ ಮೇಲೆ ಬಿಲ್ಲನ್ನು ಅಡ್ಡ ಕೂರಿಸಿದ ಹಾಗಿರುತ್ತೆ, ಹೆದೆ ಒಮ್ಮೆ ಎಳೆದು ಸಿಕ್ಕಿಸಿದರೆ ಸಾಕು, ಆಮೇಲೆ ಗುರಿ ಇಟ್ಟು ಟ್ರಿಗರ್ ಎಳೆಯೋದಷ್ಟೇ.

ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಫೋನು ಕೈಯಿಂದ ಕೈಗೆ ಹೋಯಿತು. ದೊಡ್ಡಪ್ಪ ನೋಡಿದವರೇ ತಟ್ಟೆ ಸರಿಸಿ ಎದ್ದುಬಿಟ್ಟರು. "ಇದಕ್ಕೆ ಬೇಟೆ ಅಂತಾರೇನೋ" ಅಂದರು. ನಮ್ಮ ಅಜ್ಜ 1972ರ ವನ್ಯಜೀವಿ ಕಾಯ್ದೆ ಬರೋ ಮೊದಲು ಬೇಟೆಗೆ ಹೋಗುತ್ತಿದ್ದವರು. ನೀರಿಗೆ ಬಂದ ಪ್ರಾಣಿಗೆ ಹೊಡೆಯುತ್ತಿರಲಿಲ್ಲವಂತೆ, ಗಬ್ಬದ್ದನ್ನು ಮುಟ್ಟುತ್ತಿರಲಿಲ್ಲವಂತೆ. ನನಗೆ ಎರಡೂ ಕಡೆ ಮಾತು ಬರಲಿಲ್ಲ. ಗೊತ್ತಿರೋರು ಹೇಳಿ.

ಪೀಜೆ_ಬಡಾವಣೆ:

ತಮ್ಮಾ, ನಿಮ್ಮ ದೊಡ್ಡಪ್ಪ ಎತ್ತಿದ ಪ್ರಶ್ನೆಗೇ ಇಲ್ಲಿ ಅಮೆರಿಕದ ಬೇಟೆಗಾರರು ವರ್ಷಗಟ್ಟಲೆ ಜಗಳ ಆಡಿದ್ದಾರೆ. ನಾನು ದಾವಣಗೆರೆಯವನೇ, ಈಗ ವಿಸ್ಕಾನ್ಸಿನ್‌ನಲ್ಲಿದ್ದೇನೆ, ಕಾಂಪೌಂಡ್ ಬಿಲ್ಲಿನಲ್ಲಿ, ಅಂದರೆ ತುದಿಗೆ ಗಾಲಿ ಇರೋ ಬಿಲ್ಲಿನಲ್ಲಿ, ಬೇಟೆ ಆಡುತ್ತೇನೆ. ಇಲ್ಲಿ ಬಿಲ್ಲಿನವರಿಗೇ ಅಂತ ಸೀಸನ್ ಶುರುವಾಗಿದ್ದು 1934ರಲ್ಲಿ. ಕ್ರಾಸ್‌ಬೋ ಎಲ್ಲರಿಗೂ ಸಿಕ್ಕಿದ್ದು 2014ರಲ್ಲಿ, ಅದಕ್ಕೂ ಮೊದಲು ವಯಸ್ಸಾದವರಿಗೆ, ಅಂಗವಿಕಲರಿಗೆ ಮಾತ್ರ. ನಿಮ್ಮ ಭಾವನ ಒಹಾಯೊದಲ್ಲಿ 1970ರ ದಶಕದಿಂದಲೇ ಇದೆ. ಒರೆಗಾನ್‌ನಲ್ಲಿ ಬೇಟೆಗೆ ಅದನ್ನು ಮುಟ್ಟೋ ಹಾಗೇ ಇಲ್ಲ.

ಫೇರ್ ಚೇಸ್, ಅಂದರೆ ನ್ಯಾಯದ ಬೇಟೆ ಅನ್ನೋ ಮಾತನ್ನು ಬೆಳೆಸಿದ್ದು ಬೂನ್ ಅಂಡ್ ಕ್ರಾಕೆಟ್ ಕ್ಲಬ್. ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ್ದು. ಪ್ರಾಣಿ ಬೇಲಿಯೊಳಗೆ ಇರಬಾರದು, ತಪ್ಪಿಸಿಕೊಳ್ಳೋ ದಾರಿ ಅದಕ್ಕೆ ನಿಜವಾಗಿ ಇರಬೇಕು, ಬೇಟೆಗಾರನ ಕೈ ಅತಿಯಾಗಿ ಮೇಲಾಗಬಾರದು ಅಂತ. ಬಿಲ್ಲಿನ ಬೇಟೆಯ ದಾಖಲೆ ಇಡೋ ಪೋಪ್ ಅಂಡ್ ಯಂಗ್ ಕ್ಲಬ್ ಶುರುವಾಗಿದ್ದು 1961ರಲ್ಲಿ. ಕ್ರಾಸ್‌ಬೋದಲ್ಲಿ ಹೊಡೆದದ್ದನ್ನು ಅವರು ಪುಸ್ತಕಕ್ಕೆ ಸೇರಿಸಲ್ಲ.

ಅವರ ಕಾರಣ ನನಗೆ ಅರ್ಥ ಆಗುತ್ತೆ. ಬಿಲ್ಲನ್ನು ಜಿಂಕೆ ಎದುರಲ್ಲೇ ಎಳೀಬೇಕು. ನವೆಂಬರ್ ಚಳಿಯಲ್ಲಿ ಮರದ ಮೇಲೆ ಮೂರು ಗಂಟೆ ಕೂತು, ಬೆರಳು ಮರಗಟ್ಟಿ, ಕೊನೆಗೆ 20 ಗಜದಲ್ಲಿ ಜಿಂಕೆ ಬಂದಾಗ ಕೈ ಅಲ್ಲಾಡಿದರೆ ಅದು ತಲೆ ಎತ್ತಿ ನಿಂತುಬಿಡುತ್ತೆ. ಬಾಲ ಎತ್ತಿ ಅದರ ಬಿಳಿ ಕಂಡಿತು ಅಂದರೆ ಮುಗೀತು, ಓಡಿಹೋಯಿತು ಅಂತಲೇ. ಹಾಗೆ ಎಷ್ಟೋ ದಿನ ಬರಿಗೈಲಿ ಮನೆಗೆ ಬಂದಿದ್ದೇನೆ. ಕ್ರಾಸ್‌ಬೋದಲ್ಲಿ ಆ ಕಷ್ಟ ಇಲ್ಲ, ಮೊದಲೇ ಎಳೆದು ಇಟ್ಟಿರುತ್ತೆ.

ದುರ್ಗದ_ಬಾಣ:

ಅಣ್ಣ, ನಿಮ್ಮ ಮಾತು ನಾನು ಪೂರ್ತಿ ಒಪ್ಪಲ್ಲ. ನಾನು ಚಿತ್ರದುರ್ಗದಲ್ಲಿ ಮಕ್ಕಳಿಗೆ ಬಿಲ್ಲು ಹಿಡಿಯೋದು ಹೇಳಿಕೊಡುತ್ತೇನೆ, ಗುರಿ ಹಲಗೆಗೆ ಮಾತ್ರ. ನಿಮ್ಮ ಕಾಂಪೌಂಡ್ ಬಿಲ್ಲೂ ಗಾಲಿ ಹಾಕಿದ್ದೇ ಅಲ್ವಾ? ಪೂರ್ತಿ ಎಳೆದ ಮೇಲೆ ಕೈಗೆ ಉಳಿಯೋದು ಸ್ವಲ್ಪ ಭಾರ ಅಷ್ಟೇ. ಅದು ಹೊಸದಾಗಿ ಬಂದಾಗ ಮರದ ಬಿಲ್ಲಿನವರು ಅದನ್ನೂ ಹೀಗೇ ಬೈದಿದ್ದರು. ನನ್ನ ಬಲ ಭುಜಕ್ಕೆ ಆಪರೇಷನ್ ಆಗಿ ಎಂಟು ತಿಂಗಳು ಬಿಲ್ಲು ಎತ್ತಲಿಲ್ಲ. ಅಂಥವರಿಗೆ ಕ್ರಾಸ್‌ಬೋ ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ.

ನನ್ನ ತಕರಾರು ದೂರದ್ದು. ಲೆಕ್ಕ ಹಾಕಿ. ಕ್ರಾಸ್‌ಬೋ ಬಾಣ ಸೆಕೆಂಡಿಗೆ 400 ಅಡಿ ಹೋಗುತ್ತೆ ಅಂದುಕೊಳ್ಳಿ, ಶಬ್ದ ಹೋಗೋದು ಸುಮಾರು 1100 ಅಡಿ. 60 ಗಜ ಅಂದರೆ 180 ಅಡಿ. ಬಾಣಕ್ಕೆ ಹೆಚ್ಚುಕಡಿಮೆ ಅರ್ಧ ಸೆಕೆಂಡ್ ಬೇಕು, ಹೆದೆಯ ಸದ್ದು ಅದಕ್ಕೂ ಬಹಳ ಮೊದಲೇ ಕಿವಿಗೆ ಬಿದ್ದಿರುತ್ತೆ. ಬೆಚ್ಚಿದ ಜಿಂಕೆ ಓಡೋಕೆ ಅಂತ ಮೊದಲು ಕಾಲು ಮಡಿಸಿ ಕುಗ್ಗುತ್ತೆ, ಮೈ ತಿರುಗಿಸುತ್ತೆ. ಎದೆಗೆ ಅಂತ ಬಿಟ್ಟಿದ್ದು ಬೆನ್ನಿಗೋ ಹೊಟ್ಟೆಗೋ ಬೀಳುತ್ತೆ. ಸ್ಕೋಪ್‌ನಲ್ಲಿ 60 ಗಜ ಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತೆ, ನನಗೆ ಭಯ ಆಗೋದೇ ಅದಕ್ಕೆ.

ಪೀಜೆ_ಬಡಾವಣೆ:

ಒಪ್ಪಿದೆ ತಂಗಿ. ಮೂರು ವರ್ಷದ ಹಿಂದೆ ನನ್ನದೇ ಬಾಣ ಹೊಟ್ಟೆಗೆ ಬಿತ್ತು. ಎದೆಗೆ ಬಿದ್ದರೆ ರಕ್ತ ನೊರೆನೊರೆಯಾಗಿ ತಿಳಿಗೆಂಪು ಇರುತ್ತೆ. ನನ್ನ ಬಾಣದ ಮೇಲೆ ಹಸಿರು ಮೆತ್ತಿತ್ತು, ಮೂಸಿದರೆ ಸಗಣಿ ವಾಸನೆ. ತಕ್ಷಣ ಬೆನ್ನು ಹತ್ತಿದರೆ ಇನ್ನೂ ದೂರ ಓಡುತ್ತೆ, ಅದಕ್ಕೇ ರಾತ್ರಿಯಿಡೀ ಕಾಯಬೇಕು. ನಿದ್ದೆ ಬರಲಿಲ್ಲ. ಬೆಳಿಗ್ಗೆ ಹಳ್ಳದ ನೀರಿನ ಪಕ್ಕ ಸಿಕ್ಕಿತು. ಅದು 38 ಗಜದಿಂದ ಬಿಟ್ಟಿದ್ದು. ಅವತ್ತಿನಿಂದ 25 ಗಜ ದಾಟಿದರೆ ಬಿಡಲ್ಲ.

ಬದುವಿನ_ಬೇವು:

ನಮ್ಮ ಹೊಲ ರಂಗಯ್ಯನದುರ್ಗ ಕಾಡಿನ ಅಂಚಿಗಿದೆ. ಇದನ್ನೆಲ್ಲ ಓದಿ ಯಾರಾದರೂ ಇಲ್ಲಿ ಕ್ರಾಸ್‌ಬೋ ಹಿಡಿದು ಕಾಡಿಗೆ ಇಳಿಯೋ ಯೋಚನೆ ಮಾಡಿದರೆ ದಯವಿಟ್ಟು ಬಿಟ್ಟುಬಿಡಿ. ನಮ್ಮಲ್ಲಿ ಬೇಟೆಯೇ ಅಪರಾಧ. ಕೃಷ್ಣಮೃಗ, ಕೊಂಡುಕುರಿ (ನಾಲ್ಕು ಕೊಂಬಿನ ಚಿಕ್ಕ ಹುಲ್ಲೆ) ಎರಡೂ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ, ಕೊಂದರೆ ಕಡಿಮೆ ಅಂದರೂ 3 ವರ್ಷ ಜೈಲು. ಈ ಕಾಡನ್ನು 2011ರಲ್ಲಿ ವನ್ಯಧಾಮ ಮಾಡಿದ್ದೇ ಕೊಂಡುಕುರಿಗೋಸ್ಕರ.

ನಮ್ಮ ಕಡೆ ಬಿಲ್ಲೂ ಇಲ್ಲ, ಬಾಣವೂ ಇಲ್ಲ. ಹಂದಿಗೆ ಅಂತ ಬೇಲಿ ಸಂದಿಗೆ ಬೈಕಿನ ಕ್ಲಚ್ ವೈರಿನ ಉರುಳು ಕಟ್ಟುತ್ತಾರೆ. ಹಂದಿ ಮೆಕ್ಕೆಜೋಳ ಮುರಿಯೋದು ನನಗೂ ಗೊತ್ತು, ತೆನೆ ಕಟ್ಟಿದಾಗಿಂದ ನಾನೂ ರಾತ್ರಿ ಹೊಲದಲ್ಲೇ ಮಲಗುತ್ತೇನೆ. ಆದರೆ ಹೋದ ಮಳೆಗಾಲ ನಮ್ಮ ಬದುವಿನಲ್ಲಿ ಒಂದು ಹೆಣ್ಣು ಕೊಂಡುಕುರಿ ಸಿಕ್ಕಿಹಾಕಿಕೊಂಡಿತ್ತು. ಹಿಂಗಾಲಿನ ಚರ್ಮ ಮೂಳೆಯಿಂದ ಜಾರಿ ಇಳಿದಿತ್ತು. ಅರಣ್ಯದವರು ಬರೋವರೆಗೂ ಕಣ್ಣಿನ ಮೇಲೆ ಗೋಣಿಚೀಲ ಮುಚ್ಚಿ ಪಕ್ಕದಲ್ಲೇ ಕೂತಿದ್ದೆ. ಎದೆ ಬಡಿಯೋದು ಚೀಲದ ಮೇಲಿಂದಲೇ ಕೈಗೆ ಗೊತ್ತಾಗುತ್ತಿತ್ತು. ಉಳಿಯಲಿಲ್ಲ. ನಿಮ್ಮ ಭಾವ ತಾನು ಹೊಡೆದದ್ದು ಏನು, ಅದು ಹೇಗೆ ಸತ್ತಿತು ಅಂತ ಕಣ್ಣಾರೆ ನೋಡಿದ್ದಾರೆ. ಉರುಳು ಕಟ್ಟಿದವನು ಮನೆಯಲ್ಲಿ ಮಲಗಿರುತ್ತಾನೆ.

ತಮ್ಮಾ, ನಿಮ್ಮ ಅಜ್ಜ ನೀರಿಗೆ ಬಂದದ್ದಕ್ಕೆ ಹೊಡೆಯುತ್ತಿರಲಿಲ್ಲ ಅಂದಿರಲ್ಲ, ಅದನ್ನೇ ಹಿಡಿದು ಭಾವನ್ನ ಕೇಳಿ. ಎಷ್ಟು ಗಜ? ಜಿಂಕೆ ತಾನಾಗೇ ಬಂತಾ, ಮೇವು ಹಾಕಿ ಕರೆಸಿದ್ದಾ?

ಪೀಜೆ_ಬಡಾವಣೆ:

ಸರಿಯಾದ ಪ್ರಶ್ನೆ. ಇಲ್ಲಿ ವಿಸ್ಕಾನ್ಸಿನ್‌ನ ಎಷ್ಟೋ ಕೌಂಟಿಗಳಲ್ಲಿ ಜಿಂಕೆಗಳ ರೋಗ ಹರಡುತ್ತೆ ಅಂತ ಮೇವು ಹಾಕೋದನ್ನು ನಿಲ್ಲಿಸಿದ್ದಾರೆ. ಒಹಾಯೊದಲ್ಲಿ ಖಾಸಗಿ ಜಮೀನಿನಲ್ಲಿ ಬಹಳ ಕಡೆ ನಡೆಯುತ್ತೆ.

ಜಗಳೂರು_ಹುಡುಗ:

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಭಾವನಿಗೆ ಫೋನ್ ಮಾಡಿದೆ. 22 ಗಜವಂತೆ, ಬಾಣ ನೇರ ಎದೆಗೆ, 50 ಹೆಜ್ಜೆ ಹೋಗಿ ಬಿತ್ತಂತೆ. ಮೇವಿನ ವಿಷಯ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೌದು, ಹದಿನೈದು ದಿನದಿಂದ ಅದೇ ಮರದ ಕೆಳಗೆ ಮೆಕ್ಕೆಜೋಳ ಸುರಿಯುತ್ತಿದ್ದೆ ಅಂದರು. ದೊಡ್ಡಪ್ಪನಿಗೆ 22 ಗಜ ಅಂತ ಹೇಳಿದ್ದೇನೆ. ಜೋಳದ ವಿಷಯ ಇನ್ನೂ ಹೇಳಿಲ್ಲ.