ಬಳ್ಳಾರಿಯ ಬೇಸಿಗೆಯಲ್ಲಿ ನಡೆದ ಕೊಲೆ: ಕಥೆಗಾರ ಹೊತ್ತನ್ನು ಹೇಗೆ ಲೆಕ್ಕ ಹಾಕಬೇಕು?

ಪ್ರಶ್ನೆ: ಬಳ್ಳಾರಿಯ ಓದುಗ

ಎಲ್ಲರಿಗೂ ನಮಸ್ಕಾರ. ಬಾಡಿಗೆ ಪುಸ್ತಕದಂಗಡಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ತಂದು, ಒಂದು ದಿನದ ಗಡುವು ಮುಗಿಯುವುದರೊಳಗೆ ಓದಿ ಹಿಂತಿರುಗಿಸುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ. ಈಗ ನಾನೇ ಒಂದು ಕೊಲೆಯ ಕಥೆ ಬರೆಯುತ್ತಿದ್ದೇನೆ. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಗೆ ಘಟಕ ನಡೆಸುವ ಮಾಲೀಕನೊಬ್ಬ ಮೇ ತಿಂಗಳ ಒಂದು ಬೆಳಿಗ್ಗೆ ಆರು ಗಂಟೆಗೆ ತನ್ನ ಗೋದಾಮಿನಲ್ಲಿ ಹೆಣವಾಗಿ ಸಿಗುತ್ತಾನೆ. ವೈದ್ಯರು ಬಂದು, "ಮೈ ತಣ್ಣಗಾಗಿದೆ, ಎಂಟು ಗಂಟೆಯಾದರೂ ಆಗಿರಬೇಕು" ಎನ್ನುತ್ತಾರೆ. ಹಾಗಾದರೆ ಕೊಲೆ ನಡೆದದ್ದು ರಾತ್ರಿ ಹತ್ತಕ್ಕೆ. ಆ ಹೊತ್ತಿನಲ್ಲಿ ಅಳಿಯ ಹೊಸಪೇಟೆಯ ಮದುವೆಯಲ್ಲಿ ನೂರಾರು ಜನರ ನಡುವೆ ಊಟಕ್ಕೆ ಕುಳಿತಿದ್ದ. ಕಥೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಹಸ್ತಪ್ರತಿಯನ್ನು ಓದಿದ ಗೆಳೆಯರೊಬ್ಬರು, "ಮೇ ತಿಂಗಳಲ್ಲಿ ಹೆಣ ತಣ್ಣಗಾಗುವ ಈ ಬಳ್ಳಾರಿ ಎಲ್ಲಿದೆ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಕೊಲೆಯ ಕಥೆಯಲ್ಲಿ ಹೊತ್ತಿನ ಲೆಕ್ಕ ಎಷ್ಟು ಖಚಿತವಾಗಿರಬೇಕು, ಅದನ್ನು ಓದುಗರ ಮುಂದೆ ಇಡುವ ಬಗೆ ಯಾವುದು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ರಾಯಚೂರಿನ ನಿವೃತ್ತ ವೈದ್ಯ

ನಿಮ್ಮ ಗೆಳೆಯರ ಮಾತು ಸರಿ. ಬದುಕಿರುವ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಪ್ರಾಣ ಹೋದ ಮೇಲೆ ದೇಹವು ತನ್ನ ಬಿಸಿಯನ್ನು ಸುತ್ತಲಿನ ಗಾಳಿಗೆ ಬಿಟ್ಟುಕೊಡುತ್ತಾ ತಣಿಯುತ್ತದೆ. ಗಂಟೆಗೆ ಸುಮಾರು ಒಂದೂವರೆ ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ ಎಂಬ ಹಳೆಯ ಲೆಕ್ಕ ಹುಟ್ಟಿದ್ದು ತಂಪು ಸೀಮೆಗಳಲ್ಲಿ. ಗಾಳಿಯೇ 38, 40 ಡಿಗ್ರಿಯಷ್ಟು ಕಾದಿರುವ ಕಡೆ ಬಿಸಿಯನ್ನು ಬಿಟ್ಟುಕೊಡುವುದು ಯಾರಿಗೆ? ನಮ್ಮ ಬಿಸಿಲನಾಡಿನ ಮಧ್ಯಾಹ್ನದಲ್ಲಿ ತಗಡಿನ ಚಾವಣಿಯ ಕೆಳಗಿರುವ ಹೆಣ ತಣಿಯುವ ಬದಲು ಇನ್ನಷ್ಟು ಕಾಯಲೂಬಹುದು.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ, ಅದು ನಿಮ್ಮ ಕಥೆಗೆ ನೇರವಾಗಿ ಒದಗುತ್ತದೆ. ಸತ್ತ ಮೇಲೆ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಮೊದಲು ಕಣ್ಣಿನ ರೆಪ್ಪೆ, ದವಡೆಗಳಲ್ಲಿ ಕಾಣಿಸಿಕೊಂಡು ಆಮೇಲೆ ಕೈಕಾಲುಗಳಿಗೆ ಇಳಿಯುತ್ತದೆ. ಸೆಟೆಯಲು ಹನ್ನೆರಡು ಗಂಟೆ, ಹಾಗೆಯೇ ಇರಲು ಹನ್ನೆರಡು, ಸಡಿಲಾಗಲು ಹನ್ನೆರಡು ಎಂಬುದು ಸ್ಥೂಲವಾದ ಸೂತ್ರ. ಸೆಕೆಯಲ್ಲಿ ಈ ಸೆಟೆತ ಬೇಗ ಬರುತ್ತದೆ, ಬೇಗ ಹೋಗುತ್ತದೆ; ಸಾಯುವ ಮುನ್ನ ಹೆಣಗಾಡಿದ್ದರೆ ಇನ್ನೂ ಬೇಗ. ಅಂದರೆ ಸೆಕೆಯು ಒಂದು ಗುರುತನ್ನು ಹಿಂದಕ್ಕೂ ಇನ್ನೊಂದನ್ನು ಮುಂದಕ್ಕೂ ಎಳೆಯುತ್ತದೆ. ಮೈಯ ಬಿಸಿಯನ್ನು ಮಾತ್ರ ನೋಡಿದವರು "ಸತ್ತು ಎರಡು ಗಂಟೆಯಾಗಿರಬಹುದು" ಎನ್ನುತ್ತಾರೆ. ಸೆಟೆತವನ್ನು ಮಾತ್ರ ನೋಡಿದವರು "ಹತ್ತು ಗಂಟೆ" ಎನ್ನುತ್ತಾರೆ. ಆದ್ದರಿಂದ ನಿಮ್ಮ ಮಾಲೀಕನ ಮೈ ಬೆಚ್ಚಗಿರಲಿ, ಕೈಕಾಲು ಕೊರಡಿನಂತಿರಲಿ. ಆ ಎರಡನ್ನೂ ಒಟ್ಟಿಗೆ ಗಮನಿಸುವವನೇ ನಿಮ್ಮ ಪತ್ತೇದಾರನಾಗಬೇಕು.

ಇನ್ನೊಂದು ವಿನಂತಿ. ನಿಮ್ಮ ವೈದ್ಯರಿಂದ ಒಂದೇ ಗಂಟೆಯನ್ನು ಹೇಳಿಸಬೇಡಿ. ಅನುಭವವುಳ್ಳವರು "ಇಷ್ಟರಿಂದ ಇಷ್ಟರ ಒಳಗೆ" ಎಂದು ಬರೆಯುತ್ತಾರೆಯೇ ಹೊರತು, ಗಡಿಯಾರ ನೋಡಿದವರಂತೆ ಮಾತನಾಡುವುದಿಲ್ಲ.

ಉತ್ತರ 2: ಕೊಪ್ಪಳದಿಂದ, ಕನ್ನಡ ಉಪನ್ಯಾಸಕಿ

ವೈದ್ಯರು ಹೇಳಿದ ಆ ಅಂತರವೇ ಕಾದಂಬರಿಕಾರರಿಗೆ ಸಿಕ್ಕ ಜಾಗ. ತ್ಸ್ವೆತಾನ್ ತೊದೊರೊವ್ ಎಂಬ ವಿಮರ್ಶಕರು 1966ರಲ್ಲಿ ಬರೆದ ಲೇಖನವೊಂದರಲ್ಲಿ, ಪತ್ತೇದಾರಿ ಕಥೆಯೊಳಗೆ ಎರಡು ಕಥೆಗಳಿರುತ್ತವೆ ಎಂದು ತೋರಿಸಿದರು: ಒಂದು, ಕೊಲೆಯ ಕಥೆ, ಇನ್ನೊಂದು, ತನಿಖೆಯ ಕಥೆ. ಎರಡನೆಯದು ಶುರುವಾಗುವ ಹೊತ್ತಿಗೆ ಮೊದಲನೆಯದು ಮುಗಿದುಹೋಗಿರುತ್ತದೆ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಇಳಿಬಿಟ್ಟು ಹುಡುಕುವ ಹಾಗೆ, ಮೇಲೆ ನಿಂತ ಓದುಗರಿಗೆ ಹಗ್ಗದ ಜಗ್ಗಾಟ ಮಾತ್ರ ತಿಳಿಯುತ್ತದೆ, ಕೊಡ ಕಾಣುವುದಿಲ್ಲ.

ಆದ್ದರಿಂದ ತಪ್ಪು ಹೊತ್ತನ್ನು ಯಾರ ಬಾಯಿಂದ ಹೇಳಿಸುತ್ತೀರಿ ಎಂಬುದು ಬಹಳ ಮುಖ್ಯ. ಸುಳ್ಳುಗಾರನ ಬಾಯಿಂದ ಹೇಳಿಸುವುದು ಸುಲಭದ ದಾರಿ, ನನಗೆ ಅದು ಒಪ್ಪಿಗೆಯಲ್ಲ. ನಿಜವನ್ನೇ ಹೇಳಿದ ಮುಗ್ಧನ ಮಾತನ್ನು ಕೇಳಿಸಿಕೊಂಡವರು ತಪ್ಪಾಗಿ ಬರೆದುಕೊಂಡರೆ ಓದುಗರಿಗೆ ಮೋಸವಾಗುವುದಿಲ್ಲ. ನಮ್ಮ ಕಡೆ ಎಷ್ಟೋ ಜನ ಗಡಿಯಾರ ನೋಡಿ ಹೊತ್ತು ಹೇಳುವುದಿಲ್ಲ. ನಲ್ಲಿಯಲ್ಲಿ ನೀರು ಬಂದಾಗ, ಹಾಲಿನವನು ಬಂದಾಗ, ಬೆಳಗಿನ ಆಜಾನ್ ಕೂಗಿದಾಗ ಎನ್ನುತ್ತಾರೆ. ಆಜಾನ್ ಸೂರ್ಯನನ್ನು ಅನುಸರಿಸುತ್ತದೆ. ಬಳ್ಳಾರಿಯಲ್ಲಿ ಜನವರಿ ಕೊನೆಗೆ ಸೂರ್ಯೋದಯ ಸುಮಾರು 6.50ಕ್ಕೆ, ಮೇ ಕೊನೆಗೆ ಸುಮಾರು 5.50ಕ್ಕೆ, ಬೆಳಗಿನ ಆಜಾನ್ ಕೂಡ ಹೆಚ್ಚುಕಡಿಮೆ ಅಷ್ಟೇ ಹಿಂದೆಮುಂದೆ ಸರಿಯುತ್ತದೆ. ಸಾಕ್ಷಿಯು "ಆಜಾನ್‌ಗೆ ಮೊದಲು" ಎಂದಿದ್ದನ್ನು ಪೇದೆಯು ಚಳಿಗಾಲದ ರೂಢಿಯಲ್ಲಿ "ಐದೂವರೆಗೆ ಮೊದಲು" ಎಂದು ಬರೆದುಕೊಂಡರೆ, ಒಂದು ಇಡೀ ಗಂಟೆ ಯಾರ ಅರಿವಿಗೂ ಬಾರದೆ ಕಾಗದದ ಮೇಲೆ ಕಳೆದುಹೋಗುತ್ತದೆ.

ಉತ್ತರ 3: ಬಳ್ಳಾರಿಯ ವಕೀಲ

ಅಳಿಯನ ವಿಷಯಕ್ಕೆ ಒಂದೆರಡು ಮಾತು. "ಆ ಹೊತ್ತಿನಲ್ಲಿ ನಾನು ಬೇರೆ ಕಡೆ ಇದ್ದೆ" ಎಂಬ ವಾದಕ್ಕೆ 1872ರ ಸಾಕ್ಷ್ಯ ಕಾಯ್ದೆಯ 11ನೆಯ ಕಲಮಿನಲ್ಲಿ ಕೊಟ್ಟಿದ್ದ ಉದಾಹರಣೆ ಪ್ರಸಿದ್ಧವಾದದ್ದು: ಅಪರಾಧ ನಡೆದದ್ದು ಕಲ್ಕತ್ತದಲ್ಲಿ, ಆರೋಪಿ ಆ ದಿನ ಇದ್ದದ್ದು ಲಾಹೋರಿನಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದೇ ತತ್ತ್ವ 9ನೆಯ ಕಲಮಿನಲ್ಲಿದೆ. ಆರೋಪಿ ಕೊಲೆಯ ಜಾಗದಲ್ಲಿ ಇರಲು ಸಾಧ್ಯವೇ ಇರಲಿಲ್ಲ ಎನ್ನುವಷ್ಟು ದೂರವಿರಬೇಕು, ಅದನ್ನು ರುಜುವಾತು ಪಡಿಸುವ ಹೊಣೆಯೂ ಅವನದೇ. ಹೊಸಪೇಟೆ ಲಾಹೋರಲ್ಲ, ಅರವತ್ತು ಚಿಲ್ಲರೆ ಕಿಲೋಮೀಟರು, ರಾತ್ರಿ ಬೈಕಿನಲ್ಲಿ ಹೋಗಿ ಬರಲು ಮೂರು ಗಂಟೆ ಧಾರಾಳ. ಮದುವೆಯ ಹಿಂದಿನ ರಾತ್ರಿ ಊಟ ಮುಗಿದ ಮೇಲೆ ಕಲ್ಯಾಣ ಮಂಟಪದ ಜಮಖಾನೆಯ ಮೇಲೆ ಸಾಲಾಗಿ ಮಲಗಿದವರಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳುವವರು ಸಿಗುವುದಿಲ್ಲ. ರಾತ್ರಿ ಹತ್ತಕ್ಕೆ ನೂರು ಸಾಕ್ಷಿಗಳು. ಹನ್ನೊಂದರಿಂದ ನಾಲ್ಕರವರೆಗೆ ಒಬ್ಬರೂ ಇಲ್ಲ.

ಮರುಉತ್ತರ: ಬಳ್ಳಾರಿಯ ಓದುಗ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಡಾಕ್ಟರ್ ಸಾಹೇಬರ ಉತ್ತರ ಓದಿದ ಮೇಲೆ ನಿನ್ನೆ ನಸುಕಿನಲ್ಲಿ ಪರಿಚಿತರ ಗೋದಾಮಿಗೆ ಉಷ್ಣಮಾಪಕ ಹಿಡಿದು ಹೋಗಿದ್ದೆ. ಹೊರಗೆ ತಂಗಾಳಿ ಬೀಸುತ್ತಿತ್ತು. ಒಳಗೆ 34 ಡಿಗ್ರಿ ಇತ್ತು. ಜೀನ್ಸ್ ಬಟ್ಟೆಯ ಥಾನುಗಳ ನಡುವೆ ಕೈ ತೂರಿಸಿದರೆ, ಹಿಂದಿನ ದಿನದ ಬಿಸಿಲು ಇನ್ನೂ ಅಲ್ಲಿಯೇ ಕುಳಿತಿತ್ತು.

ಹೀಗಾಗಿ ಕೊಲೆಯನ್ನು ರಾತ್ರಿ ಹನ್ನೆರಡೂವರೆಗೆ ಸರಿಸಿದ್ದೇನೆ. ವೈದ್ಯರು ಮೊದಲು ಸೆಟೆತವನ್ನಷ್ಟೇ ನಂಬಿ ರಾತ್ರಿ ಹತ್ತರ ಕಡೆ ವಾಲುತ್ತಾರೆ. "ಆಜಾನ್‌ಗೆ ಮೊದಲೇ ಬೈಕು ಬಂದು ನಿಂತಿತು" ಎಂದು ಹೇಳುವವನು ಕಲ್ಯಾಣ ಮಂಟಪದ ಕಾವಲುಗಾರ. ಬೆಳಗಿನ ಐದಕ್ಕೆ ಬೀಗರಿಗೆ ಚಹಾ ಕೊಡುತ್ತಿದ್ದ ಅಳಿಯನನ್ನು ಎಲ್ಲರೂ ನೋಡಿದ್ದರಿಂದ, ಐದೂವರೆಯ ಹೊತ್ತಿಗೆ ಬಂದ ಆ ಬೈಕು ಬೇರೆ ಯಾರದೋ ಎಂದು ಪೊಲೀಸರು ಕೈಬಿಡುತ್ತಾರೆ. ಆ ಅಧ್ಯಾಯವನ್ನು ತಿದ್ದಿ ಬರೆದು ಮುಂದಿನ ವಾರ ಇಲ್ಲಿಯೇ ಹಾಕುತ್ತೇನೆ. ಶವ ಪಂಚನಾಮೆಯ ಪುಟವನ್ನು ಡಾಕ್ಟರ್ ಸಾಹೇಬರು ದಯವಿಟ್ಟು ಒಮ್ಮೆ ನೋಡಿಕೊಡಬೇಕು.